ಇಳಿವಯಸ್ಸು, ಹೊಟ್ಟೆಯ ಕೊಬ್ಬು ಮತ್ತು ಇನ್ಸುಲಿನ್‌ ಹಿಡಿಯದ ಗುಟ್ಟು

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಹಲವು ವರ್ಷಗಳಿಂದ ಊಟಕ್ಕೆ ಮುಂಚೆ ಹೊಟ್ಟೆಗೆ ಪೆನ್ನಿನಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಈಚೆಗೆ ಅದೇ ಡೋಸ್, ಅದೇ ಊಟ. ಆದರೂ ಒಂದು ದಿನ ಶುಗರ್ 260, ಮರುದಿನ 65. ವಯಸ್ಸಾದಂತೆ ಕೊಬ್ಬಿನಲ್ಲಿ ರಕ್ತಸಂಚಾರ ಕುಗ್ಗುತ್ತದೆ ಎಂದು ಓದಿದೆ. ಅದಕ್ಕೇ ಹೀಗಾಗುತ್ತಿದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕುಗ್ಗುವುದು ನಿಜ. ಆದರೆ ಅದು ವರ್ಷಗಟ್ಟಲೆ ನಿಧಾನವಾಗಿ ಆಗುವ ಬದಲಾವಣೆ. ಸೋಮವಾರ 260, ಮಂಗಳವಾರ 65 ಅನ್ನುವಂಥ ಏರಿಳಿತಕ್ಕೆ ಮೊದಲು ಅನುಮಾನಿಸಬೇಕಾದದ್ದು ಚುಚ್ಚುವ ಜಾಗವನ್ನು.

ಹೊಟ್ಟೆಯ ಚರ್ಮದಡಿಯ ಕೊಬ್ಬಿಗೆ, ಆರೋಗ್ಯವಂತರಲ್ಲಿ, ಖಾಲಿ ಹೊಟ್ಟೆಯಲ್ಲಿದ್ದಾಗ 100 ಗ್ರಾಂಗೆ ನಿಮಿಷಕ್ಕೆ ಸುಮಾರು 2ರಿಂದ 4 ಮಿಲಿ ರಕ್ತ ಹರಿಯುತ್ತದೆ. ಊಟವಾದ ಮೇಲೆ ಇದು ಹೆಚ್ಚುಕಡಿಮೆ ಇಮ್ಮಡಿಯಾಗಬೇಕು. ಊಟದ ಜಿಡ್ಡನ್ನು ಒಡೆದು ಕೊಬ್ಬಿನ ಕೋಶದೊಳಕ್ಕೆ ಕಳಿಸುವ ಕಿಣ್ವ ಕೂತಿರುವುದು ಲೋಮನಾಳಗಳ (ಅತಿ ಸಣ್ಣ ರಕ್ತನಾಳಗಳ) ಒಳಗೋಡೆಯ ಮೇಲೆ. ರಕ್ತ ಅಲ್ಲಿಗೆ ಬಂದರೆ ತಾನೆ ಅದಕ್ಕೆ ಕೆಲಸ. ವಯಸ್ಸಾದಂತೆ ಲೋಮನಾಳಗಳು ವಿರಳವಾಗುತ್ತವೆ, ರಕ್ತನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ತಯಾರಿ ಇಳಿಯುತ್ತದೆ, ಕೋಶಗಳ ನಡುವೆ ನಾರು ಬೆಳೆಯುತ್ತದೆ. ಬೊಜ್ಜು ಜೊತೆಗಿದ್ದರೆ ಇನ್ನೂ ಕಷ್ಟ: ಉಬ್ಬಿದ ಕೋಶದ ಅಡ್ಡಳತೆ 100 ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಭಾಗ) ದಾಟುತ್ತದೆ, ಆಮ್ಲಜನಕ ರಕ್ತನಾಳದಿಂದ ಹೊರಬಂದು ಸಾಗಬಲ್ಲ ದೂರವೂ ಹೆಚ್ಚುಕಡಿಮೆ ಅಷ್ಟೇ. ಊಟದ ನಂತರದ ಆ ಏರಿಕೆ ಮಂಕಾದಾಗ ಜಿಡ್ಡು ಲಿವರಿಗೂ ಸ್ನಾಯುವಿಗೂ ಹೋಗಿ ಸೇರುತ್ತದೆ. ನಮ್ಮವರಲ್ಲಿ ಸಣ್ಣಗೆ ಕಾಣುವವರಿಗೂ ಹೊಟ್ಟೆ ಬರುವುದು ಸಾಮಾನ್ಯವಾದ್ದರಿಂದ ತೂಕಕ್ಕಿಂತ ಸೊಂಟದ ಸುತ್ತಳತೆ ನೋಡಿ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ.

ಚುಚ್ಚಿದ ಇನ್ಸುಲಿನ್ ರಕ್ತಕ್ಕೆ ಸೇರುವುದೂ ಇದೇ ಲೋಮನಾಳಗಳ ಮೂಲಕ. ಹಾಗಾಗಿ ಹರಿವು ಬದಲಾದರೆ ವೇಗವೂ ಬದಲಾಗುತ್ತದೆ. ಬಿಸಿನೀರಿನ ಸ್ನಾನವಾದ ತಕ್ಷಣ ಚುಚ್ಚಿದರೆ, ಆ ಜಾಗ ತಿಕ್ಕಿದರೆ, ತೊಡೆಗೆ ಚುಚ್ಚಿಕೊಂಡು ಬಿರುಸಾಗಿ ನಡೆದರೆ ಬೇಗ ಹಿಡಿಯುತ್ತದೆ. ಮೈ ತಣ್ಣಗಿದ್ದರೆ ತಡ.

ಇನ್ನು ಗಂಟಿನ ವಿಷಯ. ಒಂದೇ ಕಡೆ ಮತ್ತೆ ಮತ್ತೆ ಚುಚ್ಚಿದಲ್ಲಿ ಕೊಬ್ಬು ದಪ್ಪಗಟ್ಟಿ ರಬ್ಬರಿನಂಥ ಗಂಟಾಗುತ್ತದೆ. ಅಲ್ಲಿ ಚುಚ್ಚಿದ್ದು ಒಂದು ದಿನ ಸರಿಯಾಗಿ ಹೀರಲ್ಪಡುವುದೇ ಇಲ್ಲ, ಇನ್ನೊಂದು ದಿನ ಹೊತ್ತಲ್ಲದ ಹೊತ್ತಿಗೆ ಇಳಿಯುತ್ತದೆ. ನೋವಾಗದು, ಹಾಗಾಗಿ ಹಿರಿಯರು ಆ ಜಾಗವನ್ನೇ ಇಷ್ಟಪಡುತ್ತಾರೆ! ತಂದೆಯವರನ್ನು ಅಂಗಾತ ಮಲಗಿಸಿ, ಬೆರಳಿಗೆ ಸ್ವಲ್ಪ ಎಣ್ಣೆ ಸವರಿಕೊಂಡು ಹೊಟ್ಟೆಯ ಮೇಲೆ ನಿಧಾನವಾಗಿ ಸುತ್ತು ಹಾಕಿ ನೋಡಿ. ಒಳ್ಳೆಯ ಜಾಗದಲ್ಲಿ ಚರ್ಮ ಎರಡು ಬೆರಳ ನಡುವೆ ತೆಳ್ಳಗೆ ಸಿಗುತ್ತದೆ, ಗಂಟಿದ್ದಲ್ಲಿ ಸಿಗುವುದಿಲ್ಲ. ಗಂಟು ಕಣ್ಣಿಗಿಂತ ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಸಿಕ್ಕಿದ್ದನ್ನು ಬರೆಯುವ ಪೆನ್ನಿನಲ್ಲಿ ಸುತ್ತು ಗುರುತು ಮಾಡಿ. ಅಲ್ಲಿಗೆ ತಿಂಗಳುಗಟ್ಟಲೆ ಸೂಜಿ ಬೇಡ.

ಎಚ್ಚರ: ಹೊಸ ಜಾಗದಲ್ಲಿ ಹಳೆ ಡೋಸ್ ಪೂರ್ತಿ ಹಿಡಿದು ಶುಗರ್ ಕುಸಿಯಬಹುದು. ಹಲವರಿಗೆ 20% ಅಥವಾ ಅದಕ್ಕೂ ಹೆಚ್ಚು ತಗ್ಗಿಸಬೇಕಾಗುತ್ತದೆ. ಜಾಗ ಬದಲಿಸುವ ಮೊದಲೇ ವೈದ್ಯರನ್ನು ಕೇಳಿ.

ಹೊಕ್ಕಳಿನಿಂದ ಎರಡು ಬೆರಳು ದೂರ ಬಿಡಿ. ಪ್ರತಿ ಸಲ ಹಿಂದಿನದಕ್ಕಿಂತ ಕನಿಷ್ಠ 1 ಸೆಂ.ಮೀ. ಸರಿಯಿರಿ. 4 ಮಿ.ಮೀ. ಸೂಜಿ ಸಾಕು, ನೆಟ್ಟಗೆ ಚುಚ್ಚಿ, ಗುಂಡಿ ಒತ್ತಿ, ಹತ್ತು ಎಣಿಸಿ ತೆಗೆಯಿರಿ. ಒಂದು ಸೂಜಿ ಒಂದೇ ಸಲಕ್ಕೆ. ಮೊಂಡು ಸೂಜಿಯೂ ಗಂಟಿಗೆ ದಾರಿ.

65 ಬಂದಾಗ ಮೂರು ಟೀ ಚಮಚ ಗ್ಲೂಕೋಸ್ ಪುಡಿ (ಸುಮಾರು 15 ಗ್ರಾಂ) ನೀರಲ್ಲಿ ಕೊಟ್ಟು, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. 70ಕ್ಕಿಂತ ಕಡಿಮೆಯೇ ಇದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹೊಟ್ಟೆಯಲ್ಲಿ ಗಂಟೇ ಇಲ್ಲದಿದ್ದರೆ ಕ್ರಿಯಾಟಿನಿನ್ ಪರೀಕ್ಷೆ (ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆ) ಮಾಡಿಸಿ. ಇನ್ಸುಲಿನ್ನನ್ನು ಹೊರಹಾಕುವುದರಲ್ಲಿ ಕಿಡ್ನಿಯ ಪಾಲು ದೊಡ್ಡದು. ಈ ವಯಸ್ಸಿನಲ್ಲಿ ಅದು ಮಂದವಾದರೆ ಇನ್ಸುಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಆಗ 65 ಮತ್ತೆ ಮತ್ತೆ ಕಾಣುತ್ತದೆ.