ಮಿಲಿಮೀಟರ್ ಎಷ್ಟು ಅಂತ ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗ್ಯಾರೇಜಿನವರ ಮೇಲಿನ ಗುಮಾನಿಯವೇ. ಮೈಸೂರು, ಮಂಡ್ಯ ಕಡೆಯ ಆರು ಪತ್ರಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನದು ಪೆಟ್ರೋಲ್ ಕಾರು, 34,000 ಕಿ.ಮೀ. ಓಡಿದೆ. ಸರ್ವೀಸಿಗೆ ಬಿಟ್ಟ ದಿನ ಮಧ್ಯಾಹ್ನ ಫೋನ್ ಮಾಡಿ, ‘ಮುಂದಿನ ಬ್ರೇಕ್ ಪ್ಯಾಡ್ ಮುಗಿದಿದೆ, ಡಿಸ್ಕೂ ಹೋಗಿದೆ, ಎರಡೂ ಹಾಕಿಬಿಡ್ತೀವಿ, ಹೂಂ ಅನ್ನಿ ಸಾರ್’ ಅಂದರು. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು, ಸದ್ದೂ ಇರಲಿಲ್ಲ. ಬೇಡ ಅಂದು ಗಾಡಿ ತಂದುಬಿಟ್ಟೆ. ಈಗ ಒಳಗೊಳಗೇ ಹೆದರಿಕೆ. ಅವರು ಹೇಳಿದ್ದು ನಿಜವೋ ಸುಳ್ಳೋ ತಿಳಿಯುವುದು ಹೇಗೆ?
– ಕುವೆಂಪುನಗರ, ಮೈಸೂರು

ಉತ್ತರ: ‘ಮುಗಿದಿದೆ’ ಅನ್ನುವುದು ಅಳತೆಯಲ್ಲ. ‘ಎಷ್ಟು ಮಿಲಿಮೀಟರ್ ಉಳಿದಿದೆ?’ ಅಂತ ಕೇಳಬೇಕಿತ್ತು. ಹೊಸ ಪ್ಯಾಡಿನಲ್ಲಿ ಸವೆಯುವ ಪದರ ಸುಮಾರು 10 ಮಿ.ಮೀ. ಇರುತ್ತದೆ, ಹಿಂದಿನ ಕಬ್ಬಿಣದ ತಗಡು ಲೆಕ್ಕಕ್ಕಿಲ್ಲ. 3 ಮಿ.ಮೀ.ಗೆ ಇಳಿದರೆ ಬದಲಾಯಿಸಿ. 5–6 ಇದ್ದರೆ ಮುಂದಿನ ಸರ್ವೀಸಿನಲ್ಲಿ ಮತ್ತೆ ಅಳೆದರೆ ಸಾಕು.

ನಿಮ್ಮ ಎರಡೂ ಸಮಾಧಾನ ಮಾತ್ರ ಪೊಳ್ಳು. ಪ್ಯಾಡ್ ತೀರಾ ಸವೆಯುವ ತನಕವೂ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಸವೆತ ತಿಳಿಸಲು ಕಿರ್ರೆನ್ನುವ ಪುಟ್ಟ ತಗಡು ಎಲ್ಲ ಪ್ಯಾಡಿಗೂ ಇರುವುದಿಲ್ಲ, ಅಗ್ಗದವುಗಳಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ಅಲಾಯ್ ಚಕ್ರದ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳಲ್ಲಿ ಗ್ರೀಸ್ ಒಣಗಿದ್ದರೆ ಪಿಸ್ಟನ್ ಪಕ್ಕದ ಒಳ ಪ್ಯಾಡ್ ಬೇಗ ತೇಯುತ್ತದೆ. ಹೊರಗಿನದು 6 ಇದ್ದು ಒಳಗಿನದು 2 ಆಗಿರುವುದು ಅಪರೂಪವೇನಲ್ಲ. ಚಕ್ರ ಬಿಚ್ಚಿಸಿ ನಾಲ್ಕೂ ಪ್ಯಾಡ್ ಅಳೆಸಿ. ಒಳಗೂ ಹೊರಗೂ ಸವೆತದಲ್ಲಿ ದೊಡ್ಡ ಅಂತರವಿದ್ದರೆ ಹೊಸ ಪ್ಯಾಡ್ ಹಾಕಿದರಷ್ಟೇ ಸಾಲದು, ಪಿನ್ ತೆಗೆದು ಒರೆಸಿ ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಬೇಕು. ಮಾಮೂಲಿ ಗ್ರೀಸ್ ಹಚ್ಚಿದರೆ ಅಲ್ಲಿನ ರಬ್ಬರ್ ಊದಿಕೊಂಡು ಪಿನ್ ಮತ್ತೆ ಬಿಗಿಯುತ್ತದೆ.

ಡಿಸ್ಕಿನ ಕಥೆ ಬೇರೆ. ಅದರ ಟೋಪಿಯಂಥ ನಡುಭಾಗದಲ್ಲೋ ಅಂಚಿನಲ್ಲೋ ‘ಮಿನ್ ಟಿಎಚ್’ ಎಂದು ಕನಿಷ್ಠ ದಪ್ಪ ಕೊರೆದಿರುತ್ತಾರೆ. ಹೊಸದಕ್ಕೂ ಆ ಕನಿಷ್ಠಕ್ಕೂ ಸಾಮಾನ್ಯವಾಗಿ 2 ಮಿ.ಮೀ. ಅಂತರ. ಕೊರೆದ ಆ ಕನಿಷ್ಠಕ್ಕಿಂತ ತೆಳುವಾದರೆ ಮಾತ್ರ ಡಿಸ್ಕ್ ‘ಹೋಗಿದೆ’ ಅನ್ನಬಹುದು. ಅಳೆಯುವಾಗ ಒಂದು ಮೋಸ ನಡೆಯುತ್ತದೆ, ಯಾರೂ ಬೇಕೆಂದು ಮಾಡುವುದಲ್ಲ. ಡಿಸ್ಕಿನ ಹೊರ ಅಂಚು ಪ್ಯಾಡಿಗೆ ತಾಗದೆ ತುಕ್ಕು ಹಿಡಿದು ದಿಬ್ಬವಾಗಿರುತ್ತದೆ. ದಪ್ಪ ಅಳೆಯುವ ವರ್ನಿಯರ್ ಬಾಯಿ ಆ ದಿಬ್ಬದ ಮೇಲೆ ಕೂತು ದಪ್ಪ ಹೆಚ್ಚು ತೋರಿಸುತ್ತದೆ. ಮೈಕ್ರೋಮೀಟರ್ ಇಲ್ಲದಿದ್ದರೆ ಸವೆದ ಭಾಗಕ್ಕೆ ಎರಡೂ ಕಡೆ ಒಂದೊಂದು ರೂಪಾಯಿ ನಾಣ್ಯ ಒತ್ತಿ ಹಿಡಿದು ಅಳೆದು, ನಾಣ್ಯಗಳೆರಡರ ದಪ್ಪ ಕಳೆಯಿರಿ.

ದಪ್ಪ ಉಳಿದಿದ್ದು, ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗುತ್ತಿದ್ದರೆ ಲೇತಿನಲ್ಲಿ ಹದ ಮಾಡಿಸಬಹುದು, ಕೆತ್ತಿದ ಮೇಲೂ ಕನಿಷ್ಠಕ್ಕಿಂತ ಹೆಚ್ಚೇ ಉಳಿಯಬೇಕು, ಅಷ್ಟೇ. ನಡುಕವೂ ಇಲ್ಲ, ಆಳದ ಗೀರೂ ಇಲ್ಲ ಅಂದರೆ ಡಿಸ್ಕ್ ಮುಟ್ಟುವುದೇ ಬೇಡ. ಪ್ಯಾಡ್ ಮಾತ್ರ ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಹಾಕಿಸಿ. ಹಾಕಿಸಿದ ದಿನ ಖಾಲಿ ರಸ್ತೆಯಲ್ಲಿ 50ರಿಂದ 10 ಕಿ.ಮೀ. ವೇಗಕ್ಕೆ ಎಂಟು ಹತ್ತು ಸಲ ಮೆಲ್ಲಗೆ ಇಳಿಸಿ, ಪೂರ್ತಿ ನಿಲ್ಲಿಸದೆ. ಅಲ್ಲಿಯವರೆಗೆ ಚಾಮುಂಡಿ ಬೆಟ್ಟಕ್ಕೆ ಹೋಗಬೇಡಿ. ಹೊಸ ಪ್ಯಾಡ್ ಕೂರುವ ಮೊದಲೇ ಇಳಿಜಾರಿನಲ್ಲಿ ಕಾದರೆ ಮೇಲ್ಮೈ ಗಾಜಿನಂತೆ ಹೊಳಪುಗಟ್ಟಿ ಹಿಡಿತ ಬಿಡುತ್ತದೆ.

ಪ್ರಶ್ನೆ: ಡೀಸೆಲ್ ಗಾಡಿಯ ಆಯಿಲ್ ಬದಲಾಯಿಸಿ ಇನ್ನೂ 400 ಕಿ.ಮೀ. ಆಗಿಲ್ಲ, ಡಿಪ್‌ಸ್ಟಿಕ್ ಎಳೆದರೆ ಕಾಡಿಗೆ ಹಾಗೆ ಕಪ್ಪು. ಹಳೆಯ ಆಯಿಲನ್ನೇ ಬಿಟ್ಟು ಬಿಲ್ ಮಾಡಿದ್ದಾರೆ ಅಲ್ಲವೇ?
– ಮದ್ದೂರು

ಉತ್ತರ: ಅಷ್ಟರಿಂದಲೇ ಹೇಳಲಾಗದು, ಮೆಕ್ಯಾನಿಕ್ಕನ ಮೇಲೆ ಏರಿಹೋಗಬೇಡಿ. ಡೀಸೆಲ್ ಉರಿದ ಮಸಿ ಆಯಿಲಿಗೆ ಸೇರುತ್ತದೆ, ಎಂಜಿನ್ ಗೋಡೆಗಂಟಿದ ಹಳೆಯ ಮಸಿಯನ್ನೂ ಹೊಸ ಆಯಿಲ್ ತೊಳೆದು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಅದರ ಕೆಲಸವೇ ಅದು. ಕೆಲವು ನೂರು ಕಿ.ಮೀ.ನಲ್ಲೇ ಕಪ್ಪಾಗುವುದು ಮಾಮೂಲು. ಪೆಟ್ರೋಲ್ ಗಾಡಿಯಲ್ಲಿ ಹೀಗಾಗಿದ್ದರೆ ಅನುಮಾನಕ್ಕೆ ಕಾರಣವಿತ್ತು.

ಮುಂದಿನ ಸಲ ಖಾತ್ರಿ ಬೇಕಿದ್ದರೆ, ಗಾಡಿ ಬಿಡುವ ಮೊದಲು ಆಯಿಲ್ ಫಿಲ್ಟರಿನ ಮೇಲೆ ಪೇಂಟ್ ಪೆನ್ನಿನಲ್ಲಿ ಚುಕ್ಕಿ ಇಡಿ, ಹಿಂತಿರುಗಿದಾಗ ಚುಕ್ಕಿ ಇರಬಾರದು. ಬಿಲ್ಲಿನಲ್ಲಿ ಆಯಿಲಿನ ದರ್ಜೆ (5ಡಬ್ಲ್ಯು-30 ಥರದ್ದು) ಮತ್ತು ಲೀಟರ್ ಎರಡೂ ಇರಲಿ. ಕೈಪಿಡಿಯಲ್ಲಿ ಫಿಲ್ಟರ್ ಸೇರಿ 3.1 ಲೀಟರ್ ಅಂತಿದ್ದು ಬಿಲ್ಲಿನಲ್ಲಿ 4 ಲೀಟರ್ ಇದ್ದರೆ, ಉಳಿದ 900 ಮಿ.ಲೀ. ಡಬ್ಬಿ ಸಮೇತ ನಿಮ್ಮದು.

ಪ್ರಶ್ನೆ: ಮೂರು ವರ್ಷದಿಂದ ಪ್ರತಿ ಬೇಸಿಗೆಗೂ ಎಸಿ ಗ್ಯಾಸ್ ತುಂಬಿಸುತ್ತಿದ್ದೇನೆ. ಒಂದು ತಿಂಗಳು ತಂಪು, ಆಮೇಲೆ ಬರೀ ಗಾಳಿ. ‘ಗ್ಯಾಸ್ ಖರ್ಚಾಗುತ್ತೆ ಸಾರ್, ಬಿಸಿಲು ಜಾಸ್ತಿ’ ಅನ್ನುತ್ತಾರೆ.
– ಮಂಡ್ಯ

ಉತ್ತರ: ಗ್ಯಾಸ್ ಪೆಟ್ರೋಲ್ ಅಲ್ಲ, ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಒಂದು ತಿಂಗಳಲ್ಲಿ ತಂಪು ಹೋಗುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ. ಮೂರು ಸಲ ತುಂಬಿಸಿದ ದುಡ್ಡಿನಲ್ಲಿ ಸೋರಿಕೆ ಹುಡುಕಿಸಬಹುದಿತ್ತು.

ಮೊದಲು ರೇಡಿಯೇಟರ್ ಮುಂದಿನ ಕಂಡೆನ್ಸರ್ ನೋಡಿ. ಬಂಪರ್ ಜಾಲರಿಯ ಹಿಂದೆಯೇ ಇರುವುದರಿಂದ ಕಲ್ಲಿನ ಏಟು ಬೀಳುವುದು ಅಲ್ಲೇ. ಸೋರುವ ಜಾಗದಲ್ಲಿ ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಜಿನುಗಿ, ಅದಕ್ಕೆ ಧೂಳು ಮೆತ್ತಿ ಕಪ್ಪು ಮಚ್ಚೆ ಕಟ್ಟಿರುತ್ತದೆ. ಬರಿಗಣ್ಣಿಗೇ ಕಾಣುತ್ತದೆ. ಅಲ್ಲಿಲ್ಲದಿದ್ದರೆ ಪೈಪ್ ಜೋಡಣೆಯ ಓ-ರಿಂಗ್, ಕಂಪ್ರೆಸರ್ ಮುಂಭಾಗದ ಸೀಲ್, ಕಡೆಗೆ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್. ಕಡೆಯದಕ್ಕೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗಬಹುದು, ಲೇಬರ್ ಹೆಚ್ಚು ಬರುವುದು ಅದಕ್ಕೇ. ಕಾಯಿಲ್ ಅನ್ನುವ ಮೊದಲು ಉಳಿದವನ್ನೆಲ್ಲ ನೈಟ್ರೋಜನ್ ಒತ್ತಡ ಕೊಟ್ಟು ಸೋಪಿನ ನೊರೆ ಹಚ್ಚಿ ನೋಡಿದ್ದೀರಾ ಅಂತ ಕೇಳಿ.

ರಿಪೇರಿಯಾದ ಮೇಲೆ ಒಂದು ಹಂತ ತಪ್ಪಿಸುವವರಿದ್ದಾರೆ. ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ ಪಂಪು ಅರ್ಧ ಗಂಟೆಯಾದರೂ ಓಡಬೇಕು. ಒಳಗಿನ ಗಾಳಿ, ತೇವ ಹೊರಗೆ ಹೋಗುವುದು ಆಗಲೇ. ಪಂಪು ನಿಲ್ಲಿಸಿ ಹದಿನೈದು ನಿಮಿಷ ಕಾದಾಗ ಗೇಜಿನ ಮುಳ್ಳು ಮೇಲೇರಿದರೆ ಇನ್ನೂ ಸೋರುತ್ತಿದೆ. ನಿಮ್ಮ ಎದುರಿಗೇ ಈ ಹದಿನೈದು ನಿಮಿಷ ಕಾಯಲು ಒಪ್ಪದವರ ಕೈಗೆ ಎಸಿ ಕೊಡಬೇಡಿ.

ಗ್ಯಾಸನ್ನು ತೂಕ ಮಾಡಿ ತುಂಬಬೇಕು. ಬಾನೆಟ್ ಕೆಳಗಿನ ಚೀಟಿಯಲ್ಲಿ ಯಾವ ಗ್ಯಾಸ್ (ಹೆಚ್ಚಿನ ಗಾಡಿಗಳಲ್ಲಿ ಆರ್134ಎ), ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಬರೀ ಗೇಜ್ ನೋಡಿ ತುಂಬಿದರೆ ಮಂಡ್ಯದ ಏಪ್ರಿಲ್ ಬಿಸಿಲಿಗೆ ಒತ್ತಡವೇ ಬೇರೆ ತೋರಿಸುತ್ತದೆ. ಹೆಚ್ಚು ತುಂಬಿದರೂ ತಂಪು ಕಮ್ಮಿಯಾಗುತ್ತದೆ, ಕಂಪ್ರೆಸರಿಗೂ ಪೆಟ್ಟು. ಇಷ್ಟಕ್ಕೆಲ್ಲ ಮೊದಲು ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ಎಳೆದು ನೋಡಿ. ಭತ್ತದ ಹೊಟ್ಟು, ಕಬ್ಬಿನ ಸೋಗೆ ಸುಟ್ಟ ಬೂದಿ ತುಂಬಿಕೊಂಡಿದ್ದರೆ ಗ್ಯಾಸ್ ಎಷ್ಟಿದ್ದರೂ ಗಾಳಿ ಬರುವುದಿಲ್ಲ.

ಪ್ರಶ್ನೆ: ಕ್ಲಚ್ ಕೆಲಸಕ್ಕೆ 18,000 ರೂಪಾಯಿ ಆಗುತ್ತೆ ಎಂದು ಬಾಯಿಮಾತಿನಲ್ಲಿ ಹೇಳಿದ್ದ ಮೈಸೂರಿನ ಗ್ಯಾರೇಜೊಂದು 41,000ಕ್ಕೆ ಬಿಲ್ ಮಾಡಿದೆ. ನಾನು ಹೇಳದ ಸಸ್ಪೆನ್ಶನ್ ಕೆಲಸವೂ ಅದರಲ್ಲಿದೆ. ದುಡ್ಡು ಕಟ್ಟದೆ ಗಾಡಿ ಬಿಡುವುದಿಲ್ಲ ಅನ್ನುತ್ತಾರೆ. ಹೀಗೆ ಹಿಡಿದಿಟ್ಟುಕೊಳ್ಳಬಹುದೇ?
– ಶ್ರೀರಂಗಪಟ್ಟಣ

ಉತ್ತರ: ಒಂದು ಮಟ್ಟಿಗೆ ಹಿಡಿದಿಟ್ಟುಕೊಳ್ಳಬಹುದು. ಓದಿದರೆ ಸಿಟ್ಟು ಬರಬಹುದು, ಆದರೆ 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ, ವಸ್ತುವಿನ ಮೇಲೆ ದುಡಿಮೆ ಅಥವಾ ಕೌಶಲದ ಕೆಲಸ ಮಾಡಿದವನು ಅದರ ಹಣ ಬರುವ ತನಕ ಆ ವಸ್ತುವನ್ನು ಇಟ್ಟುಕೊಳ್ಳಬಹುದು. ಆ ಹಕ್ಕು ನೀವು ಒಪ್ಪಿಸಿದ ಕೆಲಸದ ಹಣಕ್ಕೆ. ನೀವು ಹೇಳದ ಸಸ್ಪೆನ್ಶನ್ನಿಗೂ ಅದು ಬರುತ್ತದೆಂದು ಅವರು ಸಾಧಿಸುವುದು ಕಷ್ಟ. ಆದರೆ ಅದನ್ನು ಗೇಟಿನಲ್ಲಿ ನಿಂತು ಕೂಗಾಡಿ ಗೆಲ್ಲಲಾಗದು.

ಗಾಡಿ ತುರ್ತಾಗಿ ಬೇಕಿದ್ದರೆ ನಗದು ಬೇಡ, ಯುಪಿಐ ಅಥವಾ ಕಾರ್ಡಿನಲ್ಲಿ ಕಟ್ಟಿ. ಬಿಲ್ಲಿನ ಅವರ ಪ್ರತಿಯ ಮೇಲೆ ‘ಸಸ್ಪೆನ್ಶನ್ ಕೆಲಸಕ್ಕೆ ನನ್ನ ಒಪ್ಪಿಗೆ ಇರಲಿಲ್ಲ, ಆಕ್ಷೇಪಣೆಯೊಂದಿಗೆ ಹಣ ಕಟ್ಟಿದ್ದೇನೆ’ ಎಂದು ಬರೆದು ಸಹಿ ಹಾಕಿ. ಬರೆಯಲು ಬಿಡದಿದ್ದರೆ ಅಲ್ಲಿಂದ ಹೊರಡುವ ಮೊದಲೇ ಅದೇ ಮಾತನ್ನು ಅವರ ವಾಟ್ಸ್ಆ್ಯಪ್ ಅಥವಾ ಇಮೇಲಿಗೆ ಕಳುಹಿಸಿ. ಹಳೆಯ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್, ಬಿಚ್ಚಿದ ಶಾಕ್ ಅಬ್ಸಾರ್ಬರ್ ಎಲ್ಲ ಕೇಳಿ ಪಡೆಯಿರಿ, ಹೊಸ ಭಾಗ ಬಂದ ಡಬ್ಬಿಗಳನ್ನೂ. ಡಬ್ಬಿಯ ಪಾರ್ಟ್ ನಂಬರ್, ಎಂಆರ್‌ಪಿ ಬಿಲ್ಲಿಗೆ ತಾಳೆಯಾಗಬೇಕು.

ಬಿಲ್ಲನ್ನೇ ಕುಳಿತು ಓದಿ, ಬಹಳ ಸಲ ತಪ್ಪು ಸಿಗುವುದು ಅಲ್ಲೇ. ಎಂಆರ್‌ಪಿ ಅಂದರೆ ತೆರಿಗೆ ಸೇರಿದ ಬೆಲೆ. 1,180 ಎಂಆರ್‌ಪಿಯ ಭಾಗಕ್ಕೆ ಬಿಲ್ಲಿನಲ್ಲಿ 1,000 ಮತ್ತು 18% ಜಿಎಸ್‌ಟಿ 180 ಎಂದಿರಬೇಕು. 1,180ರ ಮೇಲೆ ಮತ್ತೆ 18% ಹಾಕಿದ್ದರೆ 212 ರೂಪಾಯಿ 40 ಪೈಸೆ ನಿಮ್ಮ ಜೇಬಿನಿಂದ ಹೋಯಿತು. 28% ಎಂದಿದ್ದರೂ ಕೇಳಿ, 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆ 18 ಮಾತ್ರ. ಜಿಎಸ್‌ಟಿ ನಂಬರೇ ಇಲ್ಲದ ಗ್ಯಾರೇಜು ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ.

ಆಮೇಲೆ ಇನ್ನೊಂದು ಗ್ಯಾರೇಜಿನಲ್ಲಿ ಗಾಡಿ ತೋರಿಸಿ, ಏನು ಕೆಲಸ ಆಗಿದೆ, ಏನು ಬೇಕಿರಲಿಲ್ಲ ಎಂದು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಓಡೋಮೀಟರ್ ಕಾಣುವ ಫೋಟೋ ಜೊತೆಗಿರಲಿ. ಈ ಒಂದು ಹಾಳೆ ಇಲ್ಲದೆ ಹೋದ ದೂರುಗಳು ಬಿದ್ದುಹೋಗುತ್ತವೆ, ‘ನನಗೆ ಅನುಮಾನ’ ಎನ್ನುವುದು ಸಾಕ್ಷ್ಯವಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿ. ಬಗೆಹರಿಯದಿದ್ದರೆ ಗ್ಯಾರೇಜಿಗೆ ಒಂದು ನೋಟಿಸ್ ಕಳಿಸಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಗ್ಯಾರೇಜು ಮೈಸೂರಿನಲ್ಲಿದ್ದರೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಮಂಡ್ಯ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಕೊಡಬೇಕು. ಗಾಡಿ ಟ್ಯಾಕ್ಸಿಯಾಗಿದ್ದರೆ ಅದು ನೀವೇ ಓಡಿಸಿ ಹೊಟ್ಟೆ ಹೊರೆಯುವ ಗಾಡಿ ಎಂದು ದೂರಿನಲ್ಲೇ ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ವ್ಯಾಪಾರದ ಉದ್ದೇಶ ಎಂದು ತಕರಾರು ಬರುತ್ತದೆ.

ಪ್ರಶ್ನೆ: ಇಲಿ ವೈರ್ ಕಡಿದಿದೆ, ಪೂರ್ತಿ ವೈರಿಂಗ್ ಬದಲಾಯಿಸಬೇಕು ಅಂದರು. ನಂಬುವುದೇ?
– ಪಾಂಡವಪುರ

ಉತ್ತರ: ಕಬ್ಬಿನ ಗದ್ದೆ ಪಕ್ಕ ಗಾಡಿ ನಿಲ್ಲಿಸುವವರಿಗೆ ಇಲಿ ಮಾಮೂಲು, ಆ ಮಾತು ಇರಬಹುದು. ‘ಪೂರ್ತಿ’ ಅನ್ನುವುದನ್ನು ಮಾತ್ರ ನಂಬಬೇಡಿ. ಕಡಿದ ಜಾಗ ತೋರಿಸಿ ಅನ್ನಿ, ತಾಮ್ರ ಹೊರಬಿದ್ದು ಪ್ಲಾಸ್ಟಿಕ್ ಮೇಲೆ ಹಲ್ಲಿನ ಗುರುತು ಇರುತ್ತದೆ. ನಾಲ್ಕೈದು ವೈರ್ ಆದರೆ ಅದೇ ಗಾತ್ರದ ತುಂಡು ಸೇರಿಸಿ ಬೆಸುಗೆ ಹಾಕಿ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿದರೆ ಸಾಕು, ಬರೀ ಟೇಪ್ ಸುತ್ತಿದರೆ ಮಳೆಗಾಲಕ್ಕೆ ಹಸಿರು ತುಕ್ಕು. ಏರ್‌ಬ್ಯಾಗಿನ ಹಳದಿ ಹೊದಿಕೆಯ ವೈರ್ ಕಡಿದಿದ್ದರೆ ಮಾತ್ರ ಬೆಸುಗೆ ಬೇಡ, ಆ ಭಾಗವನ್ನೇ ಬದಲಾಯಿಸಿ.

ಪ್ರಶ್ನೆ: ಪ್ರತಿ ಸರ್ವೀಸಿನಲ್ಲೂ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ಡಿಸಿನ್ಫೆಕ್ಟೆಂಟ್ ಎಂದು ಸೇರಿಸುತ್ತಾರೆ. ಬೇಕೇ?
– ಹೆಬ್ಬಾಳ, ಮೈಸೂರು

ಉತ್ತರ: ನಿಮ್ಮ ಗಾಡಿಯ ಕೈಪಿಡಿಯ ಸರ್ವೀಸ್ ಪಟ್ಟಿ ತೆರೆಯಿರಿ. ಇವು ಅಲ್ಲಿ ಇರುವುದಿಲ್ಲ, ಜಾಬ್ ಕಾರ್ಡಿನಲ್ಲಿ ಸಹಿ ಹಾಕುವ ಮೊದಲೇ ಅಡ್ಡಗೆರೆ ಎಳೆಯಿರಿ. ಐಡ್ಲಿಂಗ್ (ಗಾಡಿ ನಿಂತಿದ್ದಾಗಿನ ಎಂಜಿನ್ ವೇಗ) ಏರಿಳಿಯುತ್ತಿದ್ದರೆ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಸ್ವಚ್ಛ ಮಾಡಿಸುವುದಕ್ಕೆ ಅರ್ಥವಿದೆ, ಪ್ರತಿ ಸಲವೂ ಅಲ್ಲ.

ಬೇಡದ್ದನ್ನು ಸೇರಿಸುವ ಇದೇ ಬಿಲ್ಲುಗಳಲ್ಲಿ ಬೇಕಾದ ಒಂದು ಸಾಲು ಬಿಟ್ಟುಹೋಗಿರುತ್ತದೆ: ಬ್ರೇಕ್ ಫ್ಲೂಯಿಡ್. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದದ್ದು. ಗಾಳಿಯ ತೇವವನ್ನು ಹೀರುತ್ತಾ ಹೋಗುವ ಈ ದ್ರವ ಹೊಸದಾಗಿದ್ದಾಗ (ಡಾಟ್ 4 ದರ್ಜೆ) ಕನಿಷ್ಠ 230 ಡಿಗ್ರಿಯವರೆಗೆ ಕುದಿಯದು, ನೀರು ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಬೆಟ್ಟದಿಂದ ಇಳಿಯುವಾಗ ಒಂದೇ ಸಮ ಬ್ರೇಕ್ ತುಳಿದವರಿಗೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುವುದು ಇದರಿಂದಲೂ. ಅಡ್ಡಗೆರೆ ಎಳೆದ ಜಾಗದಲ್ಲಿ ಅದನ್ನು ಬರೆಸಿ, ಎರಡನೇ ಗೇರಿನಲ್ಲಿ ಇಳಿಯಿರಿ.