ಎಣಿಕೆಗೆ ಮುನ್ನ ವ್ಯಾಖ್ಯೆ

ಮಾನ್ಯರೇ,

ಅಭಿವೃದ್ಧಿ ಮಾದರಿಗಳ (ಅಂಕಿಗಳನ್ನು ಆಧರಿಸಿ ಹಣ ಎಲ್ಲಿಗೆ ಹೋಗಬೇಕೆಂದು ಹೇಳುವ ಲೆಕ್ಕಾಚಾರಗಳ) ಕುರಿತು ನಮ್ಮ ಪತ್ರಿಕೆಯಲ್ಲಿ ಬಂದ ಲೇಖನದ ಅರ್ಧ ಭಾಗ ಪದಗಳ ವ್ಯಾಖ್ಯೆಗೇ ಮುಗಿಯಿತೆಂದು ಆಕ್ಷೇಪಿಸಿದ್ದೀರಿ. ‘ಹಸಿದವನಿಗೆ ಬೇಕಾದದ್ದು ಅನ್ನ, ನಿಘಂಟಲ್ಲ’ ಎಂಬ ನಿಮ್ಮ ಮಾತು ಚುರುಕಾಗಿದೆ. ಆದರೆ ಹಸಿದವರ ಪಟ್ಟಿ ಮಾಡಲು ಹೊರಟವರ ಕೈಯಲ್ಲಿ ಹಸಿವಿನ ವ್ಯಾಖ್ಯೆಯೊಂದು ಇದ್ದೇ ಇರುತ್ತದೆ. ಅದು ಸಡಿಲವಾಗಿದ್ದರೆ ಅನ್ನ ತಪ್ಪುವುದು ನಿಮಗೂ ನನಗೂ ಅಲ್ಲ.

ಕುಡಿಯುವ ನೀರಿನ ಲೆಕ್ಕವನ್ನೇ ನೋಡಿ. ಸುರಕ್ಷಿತ ನೀರು ಸಿಗದವರ ಪ್ರಮಾಣವನ್ನು 2015ರೊಳಗೆ ಅರ್ಧಕ್ಕಿಳಿಸಬೇಕೆಂಬ ವಿಶ್ವಸಂಸ್ಥೆಯ ಸಹಸ್ರಮಾನದ ಗುರಿಯಲ್ಲಿ ‘ಸುರಕ್ಷಿತ ನೀರು’ ಎಂದೇ ಬರೆದಿತ್ತು. ಎಣಿಸಿದ್ದು ಮಾತ್ರ ‘ಸುಧಾರಿತ ಮೂಲ’ಗಳಿಂದ ನೀರು ಪಡೆಯುವವರನ್ನು: ನಲ್ಲಿ, ಕೊಳವೆಬಾವಿ, ಕಟ್ಟೆ ಕಟ್ಟಿ ಮುಚ್ಚಿದ ತೋಡುಬಾವಿ ಇತ್ಯಾದಿ. ಆ ನೀರಿನಲ್ಲಿ ರೋಗಾಣು ಇದೆಯೇ, ಬೇಕೆಂದಾಗ ಸಿಗುತ್ತದೆಯೇ ಎಂದು ಆ ಲೆಕ್ಕ ಕೇಳಲಿಲ್ಲ. ಗುರಿಯನ್ನು ಅವಧಿಗೆ ಮೊದಲೇ ಮುಟ್ಟಿದ್ದೇವೆಂದು 2012ರಲ್ಲಿ ಘೋಷಣೆಯೂ ಆಯಿತು. 2015ರ ಎಣಿಕೆಯಲ್ಲಿ ಜಗತ್ತಿನಾದ್ಯಂತ ಹೊರಗುಳಿದವರು ಸುಮಾರು 66 ಕೋಟಿ. ಮುಂದೆ ಆ ಗುರಿಗಳ ಜಾಗಕ್ಕೆ ಬಂದ ಸುಸ್ಥಿರ ಅಭಿವೃದ್ಧಿ ಗುರಿಗಳ ಅಡಿಯಲ್ಲಿ ಅಳತೆಗೋಲು ಬಿಗಿಯಾಯಿತು: ನೀರು ಮನೆಯ ಆವರಣದಲ್ಲಿರಬೇಕು, ಬೇಕಾದಾಗ ಸಿಗಬೇಕು, ಮಲಿನವಾಗಿರಬಾರದು. ವಿಶ್ವಸಂಸ್ಥೆಯ 2017ರ ವರದಿ ಇದೇ ಅಳತೆಯಲ್ಲಿ ಅದೇ 2015ನೇ ಇಸವಿಯನ್ನು ಅಳೆದಾಗ ಹೊರಗುಳಿದವರು ಸುಮಾರು 210 ಕೋಟಿ. ವರ್ಷ ಅದೇ, ಜನರೂ ಅವರೇ. ಮೊದಲಿನ ಅಂಕಿಯನ್ನು ನಂಬಿ ಕಟ್ಟಿದ ಮಾದರಿಯು ಹಣವನ್ನು ನೀರಿನಿಂದ ಬೇರೆಡೆಗೆ ತಿರುಗಿಸಿದರೆ ಅದರ ಗಣಿತದಲ್ಲಿ ದೋಷ ಹುಡುಕಿ ಪ್ರಯೋಜನವಿಲ್ಲ.

ಉದ್ಯೋಗದ ಕಥೆಯೂ ಹೀಗೆಯೇ. ಮುಖ್ಯವಾಗಿ ಮನೆಬಳಕೆಗೆಂದು ಬೆಳೆಯುವ ರೈತರನ್ನು ಕಾರ್ಮಿಕ ಅಂಕಿಅಂಶಗಳ 2013ರ ಅಂತರರಾಷ್ಟ್ರೀಯ ಮಾನದಂಡ ‘ಉದ್ಯೋಗ’ದ ಎಣಿಕೆಯಿಂದ ಬೇರ್ಪಡಿಸಿತು; ಅವರ ದುಡಿಮೆಗೆ ಬೇರೆ ಹೆಸರು ಕೊಟ್ಟಿತು. ಹಳೆಯ ಅಂಕಿಗಳ ಪಕ್ಕದಲ್ಲಿ ಹೊಸದನ್ನಿಟ್ಟು ಗೆರೆ ಎಳೆದರೆ ಯಾರೂ ಕೆಲಸ ಕಳೆದುಕೊಳ್ಳದೆಯೇ ಉದ್ಯೋಗ ಕುಸಿದಂತೆ ಕಾಣುತ್ತದೆ.

‘ಜನರ ಸಹಭಾಗಿತ್ವ’ ಎಂದರೆ ಎಲ್ಲರಿಗೂ ಗೊತ್ತು ಎಂದೂ ಬರೆದಿದ್ದೀರಿ. ನನಗೆ ಅನುಮಾನವಿರುವುದು ಅಲ್ಲೇ. ಸಭೆಗೆ ಬಂದು ಕುಳಿತು ಸಹಿ ಹಾಕುವುದೇ? ಯೋಜನೆ ಬೇಡವೆನ್ನುವ ಹಕ್ಕೇ? ಹಣ ಎಲ್ಲಿ ಖರ್ಚಾಗಬೇಕೆಂದು ತೀರ್ಮಾನಿಸುವುದೇ? ಹಾಜರಿ ಪುಸ್ತಕ ತುಂಬಿಸಿ ‘ಸಹಭಾಗಿತ್ವ ಸಾಧಿಸಲಾಗಿದೆ’ ಎಂದು ವರದಿ ಬರೆಯುವವರಿಗೆ ಈ ಮಸುಕು ಬಲು ಅನುಕೂಲ. (ಅಂಥ ವರದಿಗಳು ನಮ್ಮ ಮೇಜಿಗೂ ಬರುತ್ತವೆ, ದಪ್ಪ ಕಾಗದದಲ್ಲಿ.)

ಒಂದು ಮಾತು ಒಪ್ಪುತ್ತೇನೆ. ಯಾವ ಲೆಕ್ಕಕ್ಕೂ ಬಳಸದ ಪದಕ್ಕೆ ಪುಟಗಟ್ಟಲೆ ವ್ಯಾಖ್ಯೆ ಬರೆಯುವುದು ಪಾಂಡಿತ್ಯದ ಚಟ. ಮಾದರಿಯಲ್ಲಿ ಅಂಕಿಯಾಗಿ ಕೂರುವ ಪದಕ್ಕೆ ಮಾತ್ರ ಯಾರನ್ನು, ಯಾವ ಅವಧಿಗೆ, ಯಾವ ಮಿತಿಯವರೆಗೆ ಎಣಿಸಿದ್ದೇವೆಂಬ ವಿವರ ಬೇಕೇ ಬೇಕು. ಅದನ್ನು ಅಡಿಟಿಪ್ಪಣಿಗೆ ತಳ್ಳಿರೆಂಬ ನಿಮ್ಮ ಸಲಹೆಯನ್ನು ಪಾಲಿಸಲಾರೆ. ಚಿಕ್ಕದಾಗಿ ಬರೆಯಿರೆಂದು ಲೇಖಕರಿಗೆ ಹೇಳುತ್ತೇನೆ.

— ಸಂಪಾದಕ