ಅಮ್ಮ ಚಿಕಿತ್ಸೆಯಲ್ಲಿರುವಾಗ ಮಗು ಎಲ್ಲಿರಬೇಕು?

ಪ್ರಶ್ನೆ: ಹೆರಾಯಿನ್ ಚಟಕ್ಕೆ ಬಿದ್ದಿದ್ದ ಮಗಳು ಎಂಟು ತಿಂಗಳಿಂದ ಚಿಕಿತ್ಸೆ ಪಡೆಯುತ್ತಿದ್ದಾಳೆ, ಹೆರಾಯಿನ್ ಬದಲಿಗೆ ವೈದ್ಯರು ಕೊಡುವ ಮೆಥಡೋನ್ ಎಂಬ ಔಷಧಿ ಕುಡಿಯುತ್ತಾಳೆ. ನಾಲ್ಕು ವರ್ಷದ ಮೊಮ್ಮಗ ನನ್ನ ಬಳಿ ಇದ್ದಾನೆ. ಅವನನ್ನು ಅನಾಥಾಲಯಕ್ಕೆ ಸೇರಿಸಿ ಎಂದು ಬಂಧುಗಳು ಹೇಳುತ್ತಾರೆ. ಮಗಳೋ ಮುಂದಿನ ತಿಂಗಳೇ ಕರೆದೊಯ್ಯುತ್ತೇನೆ ಎನ್ನುತ್ತಾಳೆ. ಏನು ಮಾಡಲಿ?

ಉತ್ತರ: ಅನಾಥಾಲಯದ ಮಾತು ಬೇಡ. ಅಜ್ಜಿ ಇರುವ ಮಗು ಅಲ್ಲಿಗೇಕೆ ಹೋಗಬೇಕು? ಮಗುವಿನ ಪೋಷಣೆಯಲ್ಲಿ ಕುಟುಂಬಕ್ಕೇ ಮೊದಲ ಸ್ಥಾನ ಎಂದು ವಿಶ್ವಸಂಸ್ಥೆಯ 2009ರ ಮಾರ್ಗಸೂಚಿಯೂ ಹೇಳುತ್ತದೆ. ಇಂಥ ಎಷ್ಟೋ ಮಕ್ಕಳು ಸದ್ದಿಲ್ಲದೆ ಬೆಳೆಯುವುದು ಅಜ್ಜಿಯರ ಮಡಿಲಲ್ಲೇ.

ಮಗಳು ಮೆಥಡೋನ್ ಕುಡಿಯುತ್ತಾಳೆ ಎಂಬ ಕಾರಣಕ್ಕೆ ಅವಳನ್ನು ಅನರ್ಹ ತಾಯಿ ಎನ್ನಬೇಡಿ. ಅದು ಚಟದ ಮುಂದುವರಿಕೆಯಲ್ಲ, ಚಿಕಿತ್ಸೆ. ನೆಂಟರ ಮಾತಿಗೆ ಅಂಜಿ ಅವಳು ಅದನ್ನು ತಟ್ಟನೆ ಬಿಟ್ಟರೆ ಮತ್ತೆ ಹೆರಾಯಿನ್‌ಗೆ ಜಾರುವ ಅಪಾಯ ಹೆಚ್ಚು. ಆಗ ದೇಹದ ಸಹನಶಕ್ತಿ ಕುಗ್ಗಿರುವುದರಿಂದ ಹಳೆಯ ಪ್ರಮಾಣವೇ ಪ್ರಾಣ ತೆಗೆಯಬಹುದು. ಆದರೆ ಅದೇ ಔಷಧಿಯ ಒಂದೆರಡು ಗುಟುಕು ಪುಟ್ಟ ಮಗುವನ್ನು ಕೊಲ್ಲಬಲ್ಲದು. ಅದು ಬೀಗ ಹಾಕಿದ ಪೆಟ್ಟಿಗೆಯಲ್ಲೇ ಇರಬೇಕು. ಅವಳ ಮನೆಗೆ ಹೋದಾಗ ನಾನಾಗಿದ್ದರೆ ಮೊದಲು ನೋಡುವುದು ಆ ಪೆಟ್ಟಿಗೆಯನ್ನೇ. ಆಮೇಲೆ, ಆ ಮನೆಗೆ ಬಂದುಹೋಗುವವರು ಯಾರೆಂಬುದನ್ನು.

ಮುಂದಿನ ತಿಂಗಳು ಎಂಬುದು ಅವಸರವಾಯಿತು. ಕರೆದೊಯ್ಯುವುದು, ಮತ್ತೆ ತಂದುಬಿಡುವುದು, ಪುನಃ ಕರೆದೊಯ್ಯುವುದು: ಮಗುವನ್ನು ಹಣ್ಣುಮಾಡುವುದು ಈ ಓಡಾಟ. ಮೊದಲು ನಿಮ್ಮೆದುರಿಗೇ ಒಂದು ಮಧ್ಯಾಹ್ನ, ಆಮೇಲೆ ಅವಳ ಮನೆಯಲ್ಲಿ ಒಂದು ಹಗಲು, ಕೆಲವು ವಾರಗಳ ನಂತರ ಒಂದು ರಾತ್ರಿ. ಹೇಳಿದ ಹೊತ್ತಿಗೆ ಬರುತ್ತಾಳೆಯೇ ಎಂಬುದನ್ನು ಗಮನಿಸಿ. ಆಣೆ ಪ್ರಮಾಣಗಳಿಗಿಂತ ಅದು ಹೆಚ್ಚು ಹೇಳುತ್ತದೆ. ಚಟ ಮರುಕಳಿಸಿದರೆ ಆ ರಾತ್ರಿಯೇ ಮಗುವನ್ನು ಯಾರು ಕರೆತರಬೇಕು ಎಂಬುದು ಅವಳು ಸ್ವಸ್ಥಳಾಗಿರುವ ಈಗಲೇ, ಅವಳ ಬಾಯಿಂದಲೇ ತೀರ್ಮಾನವಾಗಲಿ.

ನಾಲ್ಕರ ವಯಸ್ಸಿನ ಮಕ್ಕಳು ಅಮ್ಮ ಹೋದದ್ದು ತಮ್ಮ ತುಂಟತನದಿಂದಲೇ ಎಂದು ಎಷ್ಟೋ ಸಲ ಅಂದುಕೊಳ್ಳುತ್ತಾರೆ. ಊರಿಗೆ ಹೋಗಿದ್ದಾಳೆ ಎಂಬ ಸುಳ್ಳು ಬೇಡ. “ಅಮ್ಮನಿಗೆ ಕಾಯಿಲೆ, ಔಷಧಿ ಕುಡಿಯುತ್ತಿದ್ದಾಳೆ, ನಿನ್ನಿಂದ ಆದದ್ದಲ್ಲ” ಎನ್ನಿ. ಮತ್ತೆ ಮತ್ತೆ ಕೇಳುತ್ತಾನೆ, ಮತ್ತೆ ಮತ್ತೆ ಅದನ್ನೇ ಹೇಳಿ.

ಶಾಲೆಗೆ ಸೇರಿಸಲು, ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡಲು ಅಜ್ಜಿಯೆಂಬ ಸಂಬಂಧವಷ್ಟೇ ಸಾಲದೆ ಹೋಗಬಹುದು. ವಕೀಲರೊಬ್ಬರನ್ನು ಕಂಡು, ಮಗಳ ಸಮ್ಮತಿಯೊಂದಿಗೆ ತಾತ್ಕಾಲಿಕ ಪಾಲನೆಯ ಕಾಗದಪತ್ರ ಮಾಡಿಸಿಕೊಳ್ಳಿ.